ಸಾಂದ್ರತೆ ಲೆಕ್ಕ: ಗುಣಿಸ್ಬೇಕಾ, ಭಾಗಿಸ್ಬೇಕಾ?

ಸಾಂದ್ರತೆ ಅಂದ್ರೆ ದ್ರವ್ಯರಾಶಿ ಭಾಗಿಸು ಗಾತ್ರ, ಈ ಫಾರ್ಮುಲಾ ನಂಗೆ ಯಾವತ್ತೂ ಮರ್ತಿಲ್ಲ, ಆದ್ರೂ ಫಸ್ಟ್ ಪಿಯುಸಿ ಟೆಸ್ಟಲ್ಲಿ ಮೂರಕ್ಕೆ ಮೂರೂ ಲೆಕ್ಕ ತಪ್ಪು ಮಾಡಿ ಬಂದಿದ್ದೆ, ಗುಣಿಸೋ ಕಡೆ ಭಾಗಿಸಿ, ಭಾಗಿಸೋ ಕಡೆ ಗುಣಿಸಿ. ತ್ರಿಕೋನ ಬರ್ಕೊಂಡು ಒಂದು ಮೂಲೆ ಮುಚ್ಚೋ ಟ್ರಿಕ್ ಇದೆಯಲ್ಲ, ಅದು ನಂಗೆ ಆಗ್ಬರಲ್ಲ, ಮೇಲ್ಗಡೆ ಯಾವ್ದು ಬರಿಬೇಕು ಅನ್ನೋದೇ ಮರ್ತೋಗುತ್ತೆ.

ಆಮೇಲೆ ನಂಗೆ ಹೊಳೆದಿದ್ದು ಇಷ್ಟು: ಸಾಂದ್ರತೆ ಅಂದ್ರೆ ರೇಟು. ಟೊಮ್ಯಾಟೊ ಕೆಜಿಗೆ 40 ರೂಪಾಯಿ ಅಂದ್ರೆ ಮೂರು ಕೆಜಿಗೆ ಎಷ್ಟು ಅಂತ ಯಾರೂ ಫಾರ್ಮುಲಾ ಹುಡುಕ್ತಾ ಕೂರಲ್ಲ. ಹಾಗೇ ಪಾದರಸ 13.6 ಅಂದ್ರೆ ಒಂದು ಎಂಎಲ್‌ಗೆ 13.6 ಗ್ರಾಂ, ಅರ್ಧ ಲೀಟರ್ ಬಾಟ್ಲಿ ತುಂಬಿದ್ರೆ 500 × 13.6 = 6800 ಗ್ರಾಂ, ಒಂದು ಕೈಲಿ ಎತ್ತೋದು ಕಷ್ಟ. ಉಲ್ಟಾ ಕೇಳಿದ್ರೆ ಭಾಗಿಸೋದು, ಅಂದ್ರೆ ಕೈಲಿ ಇರೋ ದುಡ್ಡಿಗೆ ಎಷ್ಟು ಕೆಜಿ ಬರುತ್ತೆ ಅನ್ನೋ ಥರ. 50 ಗ್ರಾಂ ಎಥನಾಲ್ ಬೇಕು, ಎಂಎಲ್‌ಗೆ 0.789 ಗ್ರಾಂ, 50 ÷ 0.789 = 63.4 ಎಂಎಲ್. ಇದು ನೀರಿಗಿಂತ ಹಗುರ, ಹಾಗಾಗಿ ಎಂಎಲ್ ಅಂಕಿ ಗ್ರಾಂಗಿಂತ ದೊಡ್ಡದಿರ್ಲೇಬೇಕು. ನಿಮಗೆ 39 ಚಿಲ್ಲರೆ ಬಂದಿದ್ರೆ ಗುಣಿಸ್ಬಿಟ್ಟಿದ್ದೀರ ಅಂತ ಅರ್ಥ.

ಅಡುಗೆ ಎಣ್ಣೆ ಪ್ಯಾಕೆಟ್ ತಿರುಗಿಸಿ ನೋಡಿ, 1 ಲೀಟರ್ ಪಕ್ಕದಲ್ಲೇ 910 ಗ್ರಾಂ ಅಂತಿರುತ್ತೆ, ಸಾಂದ್ರತೆನ ಅವರೇ ಬರ್ದು ಕೊಟ್ಟಂಗೆ. 15 ಲೀಟರ್ ಟಿನ್ ಅಂದ್ರೆ 15 × 0.91 = 13.65 ಕೆಜಿ, 15 ಕೆಜಿ ಟಿನ್ ಅಂದ್ರೆ 15 ÷ 0.91 = ಸುಮಾರು 16.5 ಲೀಟರ್. ಎರಡನ್ನೂ ಒಂದೇ ಅಂದ್ಕೊಂಡು ರೇಟ್ ಕಂಪೇರ್ ಮಾಡೋರು ನಮ್ಮನೇಲೇ ಇದ್ದಾರೆ.

ಲ್ಯಾಬಲ್ಲಿ ಕೊಡೋ ಕಬ್ಬಿಣದ ಬೋಲ್ಟ್ ಲೆಕ್ಕ: ತೂಕ 51.1 ಗ್ರಾಂ, ಅಳತೆ ಸಿಲಿಂಡರಲ್ಲಿ ನೀರು 25.0 ಎಂಎಲ್ ಇತ್ತು, ಬೋಲ್ಟ್ ಮುಳುಗಿಸಿದ್ಮೇಲೆ 31.5 ಆಯ್ತು. ಬೋಲ್ಟಿನ ಗಾತ್ರ 6.5, 31.5 ಅಲ್ಲ (ಈ ತಪ್ಪು ಅರ್ಧ ಕ್ಲಾಸ್ ಮಾಡುತ್ತೆ). 51.1 ÷ 6.5 = 7.86, ಕಬ್ಬಿಣಕ್ಕೆ ಸರಿಯಾಗಿದೆ. ಈಗ ನೀರಿನ ಬಾಗಿದ ಮೇಲ್ಮೈಯ ತಳ ನೋಡೋ ಬದಲು ಕಣ್ಣು ಓರೆ ಇಟ್ಕೊಂಡು 31.0 ಅಂತ ಓದಿದ್ರಿ ಅನ್ಕೊಳ್ಳಿ, 51.1 ÷ 6.0 = 8.5, ಕಬ್ಬಿಣ ಹೋಗಿ ಹಿತ್ತಾಳೆ ಆಗೋಯ್ತು! ಬರೀ ಅರ್ಧ ಎಂಎಲ್‌ಗೆ. ಬೋಲ್ಟ್ ಮರೆಯಲ್ಲಿ ಗುಳ್ಳೆ ಸಿಕ್ಕಿಕೊಂಡ್ರೆ ಇದೇ ಉಲ್ಟಾ, ಗಾತ್ರ ಜಾಸ್ತಿ ಕಂಡು ಸಾಂದ್ರತೆ ಕಮ್ಮಿ ಬರುತ್ತೆ, ಸಿಲಿಂಡರ್ ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸಿ.

ಯೂನಿಟ್ ವಿಷ್ಯ ಚಿಕ್ಕದು, ಒಂದು ಎಂಎಲ್ ಅಂದ್ರೆ ಒಂದು ಘನ ಸೆಂಟಿಮೀಟರ್, ಫಿಸಿಕ್ಸ್‌ನೋರು ಘನ ಮೀಟರಿಗೆ ಇಷ್ಟು ಕೆಜಿ ಅಂತ ಕೊಟ್ರೆ 1000ದಿಂದ ಭಾಗಿಸ್ಕೊಳ್ಳಿ.

ಕೊನೇದು ಆಸಿಡ್, ಇಲ್ಲೇ ಜಾಸ್ತಿ ಜನ ಬೀಳೋದು, ಯಾಕಂದ್ರೆ ಬಾಟ್ಲಿ ಮೇಲೆ ಎರಡು ನಂಬರ್ ಇರುತ್ತೆ, ಸಲ್ಫ್ಯೂರಿಕ್ ಆಸಿಡ್ ಆದ್ರೆ 98% ಮತ್ತೆ 1.84. ಕನ್ನಡ ಮೀಡಿಯಂನಲ್ಲಿ ಓದಿದ್ರೆ ಇನ್ನೊಂದು ತಾಪತ್ರಯ, ದ್ರಾವಣ ಎಷ್ಟು ಗಾಢ ಅನ್ನೋದಕ್ಕೂ ಕೆಲವ್ರು ಸಾಂದ್ರತೆ ಅಂತಲೇ ಅಂತಾರೆ. 98% ಅಂದ್ರೆ 100 ಗ್ರಾಂ ದ್ರಾವಣದಲ್ಲಿ 98 ಗ್ರಾಂ ಆಸಿಡ್, 1.84 ಅಂದ್ರೆ ಆ ದ್ರಾವಣದ ಒಂದು ಎಂಎಲ್ ತೂಕ. ಅರ್ಧ ಮೋಲ್ ಸಲ್ಫ್ಯೂರಿಕ್ ಆಸಿಡ್, ಅಂದ್ರೆ 49 ಗ್ರಾಂ ಬೇಕು ಅಂದ್ರೆ ಮೊದ್ಲು 49 ÷ 0.98 = 50 ಗ್ರಾಂ ದ್ರಾವಣ, ಆಮೇಲೆ 50 ÷ 1.84 = 27.2 ಎಂಎಲ್. ನೇರ 49 ÷ 1.84 ಮಾಡಿದ್ರೆ 26.6 ಬರುತ್ತೆ, ನೋಡೋಕೆ ಹತ್ರಾನೇ ಇರೋದ್ರಿಂದ ತಪ್ಪಾಗಿದ್ದೇ ಗೊತ್ತಾಗಲ್ಲ. ಅದೇ 37% ಹೈಡ್ರೋಕ್ಲೋರಿಕ್ ಆಸಿಡಲ್ಲಿ ಈ ಸ್ಟೆಪ್ ಬಿಟ್ರೆ ಉತ್ತರ ಮೂರರಲ್ಲಿ ಒಂದು ಭಾಗದ ಹತ್ರ ಇಳಿದ್ಬಿಡುತ್ತೆ.