ಲಿಂಫೆಡಿಮಾ: ಬಳೆ ಬಿಗಿಯಾದಾಗ ನಾವು ಕಲಿತ ಪದ

ಅತ್ತೆಗೆ ಎಡಗಡೆ ಸ್ತನದ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಶಂಕರಪುರದ ಮನೆಯ ಜಗಲಿಯಲ್ಲಿ ಮತ್ತೆ ಬಾಳೆನಾರು ಹಿಡಿದು ಮಲ್ಲಿಗೆ ಕಟ್ಟಲು ಕೂತಿದ್ದರು. ಒಂದು ಮದುವೆಗೆ ಹೊರಡುವಾಗ ನೋಡಿದರೆ ಬಲಗೈಗೆ ಸಲೀಸಾಗಿ ಹೋದ ಬಳೆ ಎಡಗೈಗೆ ಹೋಗಲೇ ಇಲ್ಲ. "ಎಂತ ಮಾರಾಯ್ತಿ, ಕೀಮೋದಲ್ಲಿ ಕರಗಿದ ಮೈ ವಾಪಸ್ ಬಂತು ಕಾಣ್ತದೆ" ಅಂತ ನಕ್ಕರು. ನಾವೂ ನಕ್ಕೆವು. ಮೈ ಬರುವುದಾದರೆ ಒಂದೇ ಕೈಗೆ ಯಾಕೆ ಬರಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಆ ಬಾವಿನ ಹೆಸರು ಲಿಂಫೆಡಿಮಾ. ಲ್ಯಾಟಿನ್ನಿನ ಲಿಂಫ ಅಂದರೆ ತಿಳಿನೀರು, ಗ್ರೀಕಿನಿಂದ ಬಂದ ಎಡಿಮಾ ಅಂದರೆ ಬಾವು. ಲಿಂಫ್‌ಗೆ ನಮ್ಮ ಪಠ್ಯಪುಸ್ತಕದಲ್ಲಿ ದುಗ್ಧರಸ ಅನ್ನುವ ಪದ ಇದೆ. ಆಸ್ಪತ್ರೆಯಲ್ಲಿ ಮಾತ್ರ ಯಾರೂ ಹಾಗೆ ಹೇಳಿದ್ದು ನಾನು ಕೇಳಿಲ್ಲ.

ಅಡಿಕೆ ತೋಟದ ಕಣಿ, ಅಂದರೆ ನೀರು ಹರಿದುಹೋಗುವ ಸಣ್ಣ ಕಾಲುವೆ, ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರಕ್ತನಾಳಗಳಿಂದ ದಿನವಿಡೀ ಸ್ವಲ್ಪ ಸ್ವಲ್ಪ ನೀರು ಹೊರಗೆ ಜಿನುಗುತ್ತಿರುತ್ತದೆ. ಅದನ್ನು ಬಳಿದುಕೊಂಡು ಮತ್ತೆ ರಕ್ತಕ್ಕೆ ಸೇರಿಸುವ ಸಣ್ಣ ಸಣ್ಣ ಕಣಿಗಳೇ ಲಿಂಫ್ ನಾಳಗಳು. ಕೈಯ ಕಣಿಗಳೆಲ್ಲ ಹೆಚ್ಚಾಗಿ ಕಂಕುಳ ದಾರಿಯಲ್ಲೇ ಹೋಗುತ್ತವೆ. ಅಲ್ಲಿ ಸಾಮಾನ್ಯವಾಗಿ ಲಿಂಫ್ ಅನ್ನು ಸೋಸುವ 20ರಿಂದ 30 ಸಣ್ಣ ಗಂಟುಗಳು, ಅಂದರೆ ಲಿಂಫ್ ನೋಡ್‌ಗಳು ಇರುತ್ತವೆ. ಸ್ತನದ ಕ್ಯಾನ್ಸರ್ ಹರಡುವಾಗ ಮೊದಲು ತಲುಪುವುದೂ ಸಾಮಾನ್ಯವಾಗಿ ಅಲ್ಲಿಗೇ. ಹಾಗಾಗಿ ಸರ್ಜನ್ ಅವನ್ನು ತೆಗೆಯುತ್ತಾರೆ, ಕೆಲವೊಮ್ಮೆ ಅಲ್ಲಿಗೆ ರೇಡಿಯೇಷನ್ ಕೂಡ ಕೊಡುತ್ತಾರೆ. ಕಣಿ ಮುಚ್ಚಿದ ಮೇಲೆ ಆಟಿ ಮಳೆಯಲ್ಲಿ ತೋಟದಲ್ಲಿ ಏನಾಗುತ್ತದೋ ಕೈಯಲ್ಲೂ ಅದೇ ಆಗುತ್ತದೆ. ನಮ್ಮ ಕರಾವಳಿಯ ಹಿರಿಯರು ಕಂಡ ಆನೆಕಾಲು ರೋಗವೂ ಇದೇ ಜಾತಿಯದು. ಅಲ್ಲಿ ಕಣಿ ಕೆಡಿಸುವುದು ಸೊಳ್ಳೆಯಿಂದ ಬಂದ ಹುಳ, ಅಷ್ಟೇ ವ್ಯತ್ಯಾಸ.

ಹಾಗಂತ ಎಲ್ಲರಿಗೂ ಬರುವುದಿಲ್ಲ. ಕಂಕುಳ ಗಂಟುಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಬರುತ್ತದೆ. ಆಪರೇಷನ್‌ಗೆ ಮುಂಚೆಯೇ ಕೇಳಬೇಕಾದ ಇನ್ನೊಂದು ಪದ ಇದೆ: ಸೆಂಟಿನೆಲ್ ನೋಡ್ ಬಯಾಪ್ಸಿ. ಸೆಂಟಿನೆಲ್ ಅಂದರೆ ಕಾವಲುಗಾರ. ಸ್ತನಕ್ಕೆ ನೀಲಿ ಬಣ್ಣವನ್ನೋ ಸ್ವಲ್ಪ ರೇಡಿಯೋ ವಸ್ತುವನ್ನೋ ಚುಚ್ಚಿ, ಅದು ಮೊದಲು ಸೇರುವ ಒಂದೆರಡು ಗಂಟುಗಳನ್ನು ಮಾತ್ರ ತೆಗೆದು ಪರೀಕ್ಷೆ ಮಾಡುತ್ತಾರೆ. ಅವುಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ಆಗ ಬಾವಿನ ಸಾಧ್ಯತೆ ಬಹಳ ಕಡಿಮೆ, ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಬ್ಬರಿಗೆ. (ನೀಲಿ ಬಣ್ಣ ಹಾಕಿದರೆ ಒಂದೆರಡು ದಿನ ಮೂತ್ರ ಹಸಿರು-ನೀಲಿಯಾಗಿ ಹೋಗಬಹುದು. ಮೊದಲೇ ಗೊತ್ತಿದ್ದರೆ ಹೆದರಿಕೆ ಇಲ್ಲ.) ಎಲ್ಲರಿಗೂ ಈ ದಾರಿ ಸರಿಹೋಗುವುದಿಲ್ಲ ನಿಜ. ಆದರೆ "ಡಾಕ್ಟ್ರೇ, ನನಗೆ ಇದಾಗ್ತದಾ?" ಅಂತ ಕೇಳುವುದಕ್ಕೆ ಖರ್ಚೇನೂ ಇಲ್ಲ, ಅಲ್ವಾ? ಅತ್ತೆಯ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಉದ್ದ ಇತ್ತು. ಈ ಎರಡು ಪದಗಳಲ್ಲಿ ಒಂದೂ ಇರಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಬಾವು ಆಪರೇಷನ್ ಆದ ಕೂಡಲೇ ಬರಬೇಕೆಂದಿಲ್ಲ. ತಿಂಗಳುಗಳ ಮೇಲೆ, ಕೆಲವರಿಗೆ ವರ್ಷಗಳ ಮೇಲೆ ಬರುತ್ತದೆ. ಶುರುವಿನಲ್ಲಿ ಕೈ ಭಾರ ಅನಿಸುತ್ತದೆ, ರವಿಕೆಯ ಒಂದೇ ತೋಳು ಬಿಗಿಯಾಗುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಕೈ ಎತ್ತಿಟ್ಟು ಮಲಗಿದರೆ ಇಳಿಯುತ್ತದೆ. ಡಾಕ್ಟರಿಗೆ ತೋರಿಸಬೇಕಾದದ್ದು ಈ ಹಂತದಲ್ಲೇ. ಹಾಗೇ ಬಿಟ್ಟರೆ ಒಳಗೆ ಗಟ್ಟಿಯಾಗುತ್ತಾ ಹೋಗುತ್ತದೆ, ಆಮೇಲೆ ಇಳಿಸುವುದು ಕಷ್ಟ. ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿಯೋ ಕ್ಯಾನ್ಸರ್ ಮರಳಿಯೋ ಕೈ ಬಾತಿರಬಹುದು. ಅದಕ್ಕೇ ಮನೆಯಲ್ಲೇ ಕೂತು ಹೆಸರಿಡಬಾರದು.

ಔಷಧಿಯ ವಿಷಯಕ್ಕೆ ಬಂದರೆ, ನೀರು ಇಳಿಸುವ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಎಣ್ಣೆ ಹಾಕಿ ಗಟ್ಟಿ ತಿಕ್ಕುವುದೂ ಬೇಡ. ನೆರೆಮನೆಯವರು ಪ್ರೀತಿಯಿಂದ ಹೇಳುವ ಮೊದಲ ಮದ್ದು ಅದೇ ಆಗಿರುತ್ತದೆ. ಫಿಸಿಯೋಥೆರಪಿಸ್ಟ್ ಮಾಡುವ ಮಸಾಜ್ ಚರ್ಮವನ್ನು ಮೆಲ್ಲಗೆ ಸರಿಸಿದಷ್ಟೇ. ಅದರ ಜೊತೆಗೆ ಪದರ ಪದರವಾಗಿ ಬ್ಯಾಂಡೇಜ್ ಸುತ್ತುತ್ತಾರೆ. ಬಾವು ಇಳಿದ ಮೇಲೆ ಅಳತೆ ತೆಗೆದ ಬಿಗಿ ತೋಳು, ಅಂದರೆ ಕಂಪ್ರೆಷನ್ ಸ್ಲೀವ್ ಕೊಡುತ್ತಾರೆ. ಅಂದಾಜಿಗೆ ತಂದ ಸ್ಲೀವ್ ಹಾಕಬೇಡಿ, ತಪ್ಪು ಅಳತೆಯದು ಬಾವನ್ನು ಜಾಸ್ತಿ ಮಾಡಬಹುದು.

"ಆ ಕೈಯಲ್ಲಿ ಕೊಡಪಾನ ಎತ್ತಲೇಬೇಡಿ" ಅನ್ನುವುದು ಹಳೆಯ ಸಲಹೆ. 2009ರಲ್ಲಿ ಅಮೆರಿಕದಲ್ಲಿ ಈ ಬಾವು ಇದ್ದ 141 ಮಹಿಳೆಯರ ಮೇಲೆ ನಡೆದ ಅಧ್ಯಯನ ಬೇರೆಯೇ ಹೇಳಿತು. ಸ್ಲೀವ್ ಹಾಕಿಕೊಂಡು, ಕಲಿಸುವವರ ಎದುರು, ನಿಧಾನವಾಗಿ ಭಾರ ಹೆಚ್ಚಿಸುತ್ತಾ ಹೋದವರ ಬಾವು ಹೆಚ್ಚಾಗಲಿಲ್ಲ. ಅದು ಉಲ್ಬಣಿಸುವುದೂ ಕಡಿಮೆಯಾಯಿತು. ಕೈಗೆ ಕೆಲಸ ಬೇಕು. ಸುಮ್ನೆ ಒಮ್ಮೆಲೇ ಹುಮ್ಮಸ್ಸು ಬಂದು ಇಡೀ ತೆಂಗಿನಕಾಯಿ ರಾಶಿ ಹೊರುವುದು ಮಾತ್ರ ಬೇಡ.

ಅತ್ತೆಗೆ ಕಷ್ಟವಾದದ್ದು ಮೀನಿನ ವಿಷಯ. ಬಂಗುಡೆ ಹೆಚ್ಚುವಾಗ ಮುಳ್ಳು ಚುಚ್ಚುತ್ತದೆ, ಈ ಕೈಯಲ್ಲಿ ಸಣ್ಣ ಗಾಯವೂ ಸೋಂಕಾಗಬಹುದು. ಕೈ ಕೆಂಪಾಗಿ ಬಿಸಿಯಾಯಿತು, ಜ್ವರ ಬಂತು ಅಂದರೆ ನಾಳೆ ನೋಡುವ ಅನ್ನಬಾರದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಈಗ ಅತ್ತೆ ರಬ್ಬರ್ ಗ್ಲೌಸ್ ಹಾಕಿಯೇ ಮೀನು ಮುಟ್ಟುವುದು. ಭಾನುವಾರ ಟೈಲರ್ ಟೇಪ್ ಹಿಡಿದು ಎರಡೂ ಕೈ ಅಳೆದು ಮಲ್ಲಿಗೆ ಲೆಕ್ಕದ ಪುಸ್ತಕದ ಕೊನೆ ಪುಟದಲ್ಲಿ ಬರೆದಿಡುತ್ತಾರೆ. ಹೋದ ವಾರ ಎಡಗೈ ಬಲಗೈಗಿಂತ ಒಂದು ಸೆಂಟಿಮೀಟರ್ ದಪ್ಪ ಇತ್ತು. ಬಳೆ ಇನ್ನೂ ಹೋಗುವುದಿಲ್ಲ.