ಶಾರ್ಕ್ ಹಲ್ಲು: ಯಾವುದು ಅಸಲಿ, ಯಾವುದು ಗ್ರೇಟ್ ವೈಟ್?

ಕೋಲಾರದಲ್ಲಿ ನಾಣ್ಯ, ಬಣ್ಣದ ಕಲ್ಲು ಕೂಡಿಡುವವರ ಡಬ್ಬಿಗೆ ಈಗ ಶಾರ್ಕ್ ಹಲ್ಲೂ ಬಂದು ಸೇರುತ್ತಿದೆ. ಗ್ರೇಟ್ ವೈಟ್ ಎಂಬ ದೊಡ್ಡ ಬೇಟೆಗಾರ ಶಾರ್ಕಿನದು ಅಂತ ಆನ್‌ಲೈನ್‌ನಲ್ಲಿ ಕೊಂಡ ಹಲ್ಲು ಅಸಲಿಯಾ, ನಿಜಕ್ಕೂ ಅದರದ್ದೇನಾ, ಅದನ್ನು ಇಟ್ಟುಕೊಳ್ಳಬಹುದಾ ಎಂಬ ಪ್ರಶ್ನೆ ಮಾತ್ರ ಗೋಜಲಾಗಿಯೇ ಉಳಿದಿದೆ.

ನಮ್ಮ ನೆಲದಲ್ಲಂತೂ ಇದು ಸಿಗುವುದಿಲ್ಲ. ಚಿನ್ನದ ಗಣಿಯ ಬಂಡೆಗಳಿಗೆ ಸುಮಾರು 270 ಕೋಟಿ ವರ್ಷ. ಆಗ ಶಾರ್ಕ್ ಇರಲಿ, ಮೀನೇ ಇರಲಿಲ್ಲ. ಹಳೆಯ ಕಡಲ ಪದರಗಳಿರುವ ಕಚ್ಛ್‌ನಲ್ಲಿ, ತಮಿಳುನಾಡಿನ ಅರಿಯಲೂರಿನಲ್ಲಿ ಶಾರ್ಕ್ ಹಲ್ಲಿನ ಪಳೆಯುಳಿಕೆಗಳಿವೆ.

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಸಿಗುತ್ತಿದ್ದ ಇಂಥ ಹಲ್ಲುಗಳನ್ನು ಹಿಂದೆ ಯುರೋಪಿನ ಜನ ಕಲ್ಲಾದ ನಾಲಗೆ ಅಂದುಕೊಂಡು, ವಿಷ ತಾಗದಿರಲಿ ಎಂದು ಜೊತೆಗಿಟ್ಟುಕೊಳ್ಳುತ್ತಿದ್ದರು. 1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಹಿಡಿದ ದೊಡ್ಡ ಶಾರ್ಕಿನ ತಲೆಯನ್ನು ಡೆನ್ಮಾರ್ಕಿನ ಅಂಗರಚನಾ ತಜ್ಞ ನಿಕೋಲಸ್ ಸ್ಟೆನೊ ಕೊಯ್ದು ನೋಡಿದ. ಆ 'ನಾಲಗೆ'ಗಳು ಶಾರ್ಕ್ ಹಲ್ಲುಗಳೇ ಎಂದು ಮರುವರ್ಷ ಬರೆದ. ಮುಂದೆ 1975ರ ಒಂದು ಹಾಲಿವುಡ್ ಸಿನಿಮಾದಿಂದ ಗ್ರೇಟ್ ವೈಟ್ ಅಂದರೆ ಭಯ ಜಾಸ್ತಿಯಾಯಿತು, ಅದರ ದವಡೆಯ ಮೇಲಿನ ಆಸೆಯೂ ಬೆಳೆಯಿತು. 1991ರಲ್ಲಿ ದಕ್ಷಿಣ ಆಫ್ರಿಕಾ ಈ ಮೀನಿಗೆ ರಕ್ಷಣೆ ಕೊಟ್ಟಿತು.

ಇವತ್ತಿನ ಗೊಂದಲ ಶುರುವಾಗುವುದು ಮೊರಾಕ್ಕೊದಲ್ಲಿ. ಅಲ್ಲಿನ ಖೌರಿಬ್ಗಾ ಗಣಿಗಳಲ್ಲಿ ರಸಗೊಬ್ಬರಕ್ಕಾಗಿ ಫಾಸ್ಫೇಟ್ ಅಗೆಯುತ್ತಾರೆ. ಆ ಮಣ್ಣಿನ ಜೊತೆ ಹಲ್ಲುಗಳು ರಾಶಿಗಟ್ಟಲೆ ಬರುತ್ತವೆ. ಒಂದೊಂದು ಶಾರ್ಕ್ ಬದುಕಿರುವಾಗಲೇ ಸಾವಿರಾರು ಹಲ್ಲು ಉದುರಿಸುತ್ತದೆ, ಹಾಗಾಗಿ ಈ ಹಲ್ಲುಗಳು ಅಸಲಿಯೇ ಆಗಿರಬಹುದು. ಆದರೆ ಆ ಪದರಗಳಿಗೆ ನಾಲ್ಕು ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಆಗ ಗ್ರೇಟ್ ವೈಟ್ ಹುಟ್ಟೇ ಇರಲಿಲ್ಲ! ಅಲ್ಲಿಂದ ಬರುವುದು ಹೆಚ್ಚಾಗಿ ಓಟೋಡಸ್‌ನಂಥ ಹಳೆಯ ಶಾರ್ಕ್‌ಗಳ ಹಲ್ಲು. ಓಟೋಡಸ್ ಹಲ್ಲಿನ ಅಂಚು ನುಣುಪು, ಬುಡದ ಎರಡೂ ಬದಿಗೆ ಪುಟ್ಟ ಮೊನೆಗಳಿರುತ್ತವೆ. ಬೆಳೆದ ಗ್ರೇಟ್ ವೈಟ್‌ನ ಹಲ್ಲು ತ್ರಿಕೋನ, ಅಂಚು ಗರಗಸದ ಹಾಗೆ, ಪಕ್ಕದ ಮೊನೆ ಇಲ್ಲ. ಮುರಿದ ಹಲ್ಲಿಗೆ ಅಂಟು, ಮರಳು ಸೇರಿಸಿ ಬೇರು ಕೂರಿಸುವುದೂ ಉಂಟು. ಅದಕ್ಕೇ ಹಲ್ಲು ಬೇರಿಗೆ ಸೇರುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಗಾಳಿಗುಳ್ಳೆ, ಅಚ್ಚಿನ ಗೆರೆ ಕಂಡರೆ ಅದು ರಾಳದಲ್ಲಿ ಎರಕ ಹೊಯ್ದ ಮಾಲು.

ಬಣ್ಣವನ್ನೂ ಗಮನಿಸಬೇಕು. ಪಳೆಯುಳಿಕೆಗೆ ಕಪ್ಪು, ಬೂದು, ಕಂದು ಬಣ್ಣ ಬರುವುದು ನೆಲದ ಖನಿಜಗಳಿಂದ. ಹಾಲಿನಂತೆ ಬೆಳ್ಳಗಿದ್ದರೆ ಅದು ಬಹುಪಾಲು ಈಗಿನ ಶಾರ್ಕಿನದು. ಗ್ರೇಟ್ ವೈಟ್‌ನ ದವಡೆ, ಹಲ್ಲು ದೇಶದಿಂದ ದೇಶಕ್ಕೆ ಹೋಗಲು ಪರವಾನಗಿ ಬೇಕು ಎಂದು 2004ರಲ್ಲಿ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ದೇಶಗಳು ತೀರ್ಮಾನಿಸಿದವು. ಸೈಟಿಸ್ ಪಟ್ಟಿಯ ಜೀವಿಗಳನ್ನು ನಮ್ಮ ವನ್ಯಜೀವಿ ಕಾಯ್ದೆಯೊಳಗೆ ತಂದಿದ್ದು 2022ರ ತಿದ್ದುಪಡಿ. ಮಕ್ಕಳಿಗೆ ಕೊಡಿಸುವುದಾದರೆ ಪಳೆಯುಳಿಕೆಯನ್ನೇ ಕೊಡಿಸಿ. ಯಾವ ದೇಶದ್ದು, ಯಾವ ಶಾರ್ಕಿನದು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬಿಳಿ ಹಲ್ಲಿಗೆ ಕಾಗದಪತ್ರ ಇಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಕೊಟ್ಟುಬಿಡಿ.