ಡೌನ್‌ಲೋಡ್ ಮುಗಿಯಿತೆಂದು ಕೋಡ್‌ಗೆ ಗೊತ್ತಾಗುವುದು ಹೇಗೆ?

ಮೊದಲ ಸಾಲಿನಲ್ಲಿ ಫೈಲ್ ಡೌನ್‌ಲೋಡ್ ಮಾಡು ಎಂದು ಬರೆದಿರುತ್ತೇವೆ. ಎರಡನೇ ಸಾಲಿನಲ್ಲಿ ಅದನ್ನು ತೆರೆದು ಓದು ಎಂದು. ಓಡಿಸಿದರೆ ಫೈಲೇ ಇಲ್ಲ, ಇದ್ದರೂ ಅರ್ಧ ಇದೆ. ಡೌನ್‌ಲೋಡ್ ಶುರುವಾಗಿದೆ ಅಷ್ಟೆ, ಮುಗಿಯುವ ಮೊದಲೇ ಎರಡನೇ ಸಾಲು ಓಡಿಬಿಟ್ಟಿದೆ. ಕೋಡಿಂಗ್ ಕಲಿಯುವ ಎಷ್ಟೋ ಹುಡುಗ ಹುಡುಗಿಯರು ಇಲ್ಲಿ ಮುಗ್ಗರಿಸುತ್ತಾರೆ. ಕೊನೆಗೆ ನಡುವೆ ಐದು ಸೆಕೆಂಡ್ ಕೋಡನ್ನು ಸುಮ್ಮನೆ ನಿಲ್ಲಿಸುವ ಸ್ಲೀಪ್ ಹಾಕಿ ಸಮಾಧಾನ ಮಾಡಿಕೊಳ್ಳುತ್ತಾರೆ. ಬೆಂಗಳೂರಿನ ಆಫೀಸಿನ ಫೈಬರ್‌ಗೆ ಆ ಐದು ಸೆಕೆಂಡ್ ಜಾಸ್ತಿಯಾಯಿತು. ಮಲೆನಾಡಿನ ಹಳ್ಳಿಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಹಿಡಿದು ಕೂತವರಿಗೆ ಏನೇನೂ ಸಾಲದು. ಆ್ಯಪ್ ಕೈಕೊಡುವುದು ಯಾವಾಗಲೂ ಅವರಿಗೇ.

ನಿಜವಾಗಿ ಇಲ್ಲಿ ಎರಡು ಪ್ರಶ್ನೆಗಳಿವೆ. ಕೋಡ್ ಕಾಯುವುದು ಹೇಗೆ? ಮುಗಿಯಿತೆಂದು ತಿಳಿಯುವುದು ಹೇಗೆ? ಎರಡನ್ನೂ ಒಂದೇ ಅಂದುಕೊಂಡರೆ ಗೊಂದಲ ತಪ್ಪಿದ್ದಲ್ಲ.

1991ರ ವೆಬ್‌ನಲ್ಲಿ ಸರ್ವರ್ ಪುಟ ಕಳಿಸಿ ಕನೆಕ್ಷನ್ ಕಟ್ ಮಾಡುತ್ತಿತ್ತು. ಕಟ್ ಆಯಿತು ಎಂದರೆ ಮುಗಿಯಿತು. ಆದರೆ ನಡುವೆ ಲೈನ್ ಹೋದರೂ ಕನೆಕ್ಷನ್ ಕಟ್ಟೇ ಆಗುತ್ತದೆ, ಅಲ್ವಾ? ಪೂರ್ತಿ ಬಂದಿದ್ದು ಯಾವುದು, ಅರ್ಧಕ್ಕೆ ನಿಂತಿದ್ದು ಯಾವುದು, ಹೇಳುವಂತಿರಲಿಲ್ಲ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಗಳೇ ಎಚ್‌ಟಿಟಿಪಿ. 1996ರಲ್ಲಿ ದಾಖಲಾದ ಎಚ್‌ಟಿಟಿಪಿ 1.0ರಲ್ಲಿ ಇದಕ್ಕೆ ಕಂಟೆಂಟ್-ಲೆಂಗ್ತ್ ಇದೆ: ಇಷ್ಟು ಬೈಟ್ ಬರಲಿದೆ ಎಂದು ಸರ್ವರ್ ಮೊದಲೇ ಹೇಳಬಹುದು. ಗಾತ್ರ ಮೊದಲೇ ಗೊತ್ತಿಲ್ಲದಿದ್ದರೆ? 1997ರ ಎಚ್‌ಟಿಟಿಪಿ 1.1 ತುಂಡು ತುಂಡಾಗಿ ಕಳಿಸುವ ದಾರಿ ಕೊಟ್ಟಿತು. ಪ್ರತಿ ತುಂಡಿನ ಮುಂದೆ ಅದರ ಗಾತ್ರ ಇರುತ್ತದೆ. ಗಾತ್ರ ಸೊನ್ನೆ ಎಂದು ಬಂದರೆ ಅದೇ ಕೊನೆ. ಸೊನ್ನೆ ಬರದೆ ಕನೆಕ್ಷನ್ ಕಟ್ ಆದರೆ ಫೈಲ್ ಪೂರ್ತಿ ಬಂದಿಲ್ಲ ಎಂದು ಖಚಿತ.

ಇನ್ನು ಕಾಯುವ ವಿಚಾರ. ಟರ್ಮಿನಲ್‌ನಲ್ಲಿ ಓಡುವ ಪ್ರೋಗ್ರಾಂಗೆ ಇದು ದೊಡ್ಡ ತಲೆನೋವಲ್ಲ, ಸುಮ್ನೆ ನಿಂತು ಕಾಯುತ್ತದೆ. ತೊಂದರೆ ಶುರುವಾಗಿದ್ದು ಬಟನ್‌ಗಳಿರುವ ಪರದೆಯಿಂದ. ಬ್ರೌಸರ್‌ನಲ್ಲಿ ಪುಟದ ಕೋಡ್ ಓಡಿಸುವ ಥ್ರೆಡ್ಡೇ (ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸಾಲು) ಬಟನ್ ಒತ್ತಿದ್ದನ್ನೂ ಗಮನಿಸಬೇಕು. ಅದು ಕಾಯುತ್ತ ನಿಂತರೆ ಪುಟವೇ ಹ್ಯಾಂಗ್. 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದ, ಮುಂದೆ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್ ಎಂದು ಎಲ್ಲ ಬ್ರೌಸರ್‌ಗೂ ಹರಡಿದ ಸೌಲಭ್ಯದಲ್ಲಿ ಎರಡೂ ಆಯ್ಕೆ ಇತ್ತು. ಓಪನ್ ಎಂಬ ಕರೆಯ ಮೂರನೇ ಜಾಗದಲ್ಲಿ ಫಾಲ್ಸ್ ಎಂದು ಕೊಟ್ಟರೆ ಕಾಯುತ್ತದೆ, ಟ್ರೂ ಎಂದರೆ ಕಾಯದೆ ಮುಂದೆ ಹೋಗುತ್ತದೆ. ಫಾಲ್ಸ್ ಕೊಟ್ಟು ಪುಟ ಹ್ಯಾಂಗ್ ಮಾಡುವವರು ಎಷ್ಟಿದ್ದರೆಂದರೆ, ಮುಂದೆ ಬ್ರೌಸರ್‌ಗಳೇ ಎಚ್ಚರಿಕೆ ಕೊಡಲು ಶುರುಮಾಡಿದವು. 2011ರ ಆಂಡ್ರಾಯ್ಡ್ ಹನಿಕೋಂಬ್ ಇನ್ನೂ ಗಟ್ಟಿ: ಮುಖ್ಯ ಥ್ರೆಡ್‌ನಲ್ಲಿ ನೆಟ್‌ವರ್ಕ್ ಮುಟ್ಟಿದರೆ ಸೀದಾ ಎರರ್.

ಹಾಗಾಗಿ ಎಲ್ಲರೂ ಕಾಲ್‌ಬ್ಯಾಕ್ ಕಡೆ ತಿರುಗಿದರು. ಮುಗಿದ ಮೇಲೆ ಈ ಫಂಕ್ಷನ್ ಕರೆ ಎಂದು ಹೇಳಿ ಮುಂದೆ ಹೋಗುವುದು. ಒಂದು ಫೈಲ್‌ಗೆ ಇದು ಚೆನ್ನ. ಒಂದರ ಹಿಂದೆ ಒಂದರಂತೆ ಐದು ಫೈಲ್ ಬೇಕಾದರೆ ಫಂಕ್ಷನ್ ಒಳಗೆ ಫಂಕ್ಷನ್, ಅದರೊಳಗೆ ಮತ್ತೊಂದು. 2009ರಲ್ಲಿ ಜಾವಾಸ್ಕ್ರಿಪ್ಟನ್ನು ಬ್ರೌಸರ್ ಹೊರಗೂ ಓಡಿಸುವ ನೋಡ್ ಜೆಎಸ್ ಬಂದ ಮೇಲೆ ಸರ್ವರ್ ಕೋಡ್‌ಗೂ ಈ ಗೋಜಲು ಹಬ್ಬಿತು. ಪರಿಹಾರದ ಬೀಜ ಅಷ್ಟರಲ್ಲೇ ಇತ್ತು. ಮುಂದೆ ಬರಲಿರುವ ಉತ್ತರಕ್ಕೆ ಈಗಲೇ ಒಂದು ವಸ್ತು ಕೊಡುವ ಪ್ರಾಮಿಸ್ ಕಲ್ಪನೆ 1970ರ ದಶಕದ್ದು. 1988ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಬಾರ್ಬರಾ ಲಿಸ್ಕೋವ್ ಮತ್ತು ಲಿಯೂಬಾ ಶ್ರೀರಾ ಅದನ್ನು ಬೆಳೆಸಿದರು. ಜಾವಾಸ್ಕ್ರಿಪ್ಟ್ ಭಾಷೆಯೊಳಗೆ ಸೇರಲು 2015 ಆಗಬೇಕಾಯಿತು. ಆ ಉತ್ತರ ಬರುವವರೆಗೆ ಇಲ್ಲೇ ಕಾಯಿ ಎಂದು ಹೇಳುವ ಅವೇಟ್ ಎಂಬ ಪದ ಸಿ ಶಾರ್ಪ್ ಭಾಷೆಗೆ 2012ರಲ್ಲಿ ಬಂತು, ಪೈಥಾನ್‌ಗೆ 2015ರಲ್ಲಿ, ಜಾವಾಸ್ಕ್ರಿಪ್ಟ್‌ಗೆ 2017ರಲ್ಲಿ. ಇದರ ಸೊಗಸು ನನಗೆ ಈಗಲೂ ಖುಷಿ ಕೊಡುತ್ತದೆ: ಅವೇಟ್ ಬರೆದ ಫಂಕ್ಷನ್ ಮಾತ್ರ ಅಲ್ಲಿ ನಿಲ್ಲುತ್ತದೆ, ಥ್ರೆಡ್ ಬೇರೆ ಕೆಲಸ ಮಾಡಿಕೊಂಡಿರುತ್ತದೆ.

ಅಷ್ಟಕ್ಕೇ ನಿಶ್ಚಿಂತೆ ಬೇಡ. ಫೈಲ್ ತರಿಸುವ ಜಾವಾಸ್ಕ್ರಿಪ್ಟ್‌ನ ಫೆಚ್ ಮುಂದೆ ಅವೇಟ್ ಹಾಕಿದರೆ ಅದು ಕಾಯುವುದು ಹೆಡರ್ (ಫೈಲ್‌ಗೂ ಮೊದಲು ಸರ್ವರ್ ಕಳಿಸುವ ವಿವರ) ಬರುವವರೆಗೆ ಮಾತ್ರ. ಫೈಲ್‌ನ ಒಳಗಿನದು ಆಗಿನ್ನೂ ದಾರಿಯಲ್ಲಿರಬಹುದು. ಅದಕ್ಕೆ ಎರಡನೇ ಅವೇಟ್ ಬೇಕು. ಫೈಲ್ ಸಿಗದೆ ಸರ್ವರ್ 404 ಕಳಿಸಿದರೂ ಫೆಚ್ ಅದನ್ನು ಸೋಲು ಎನ್ನುವುದಿಲ್ಲ, ಉತ್ತರದಲ್ಲಿ ಓಕೆ ಎಂಬ ಗುರುತು ಟ್ರೂ ಇದೆಯಾ ಎಂದು ನೀವೇ ನೋಡಬೇಕು. ನೋಡಲಿಲ್ಲವೋ, ಪಿಡಿಎಫ್ ಹೆಸರಿನಲ್ಲಿ ಎರರ್ ಪುಟ ಸೇವ್ ಆಗಿ ಕೂತಿರುತ್ತದೆ. ನೋಡ್‌ನಲ್ಲಿ ಡಿಸ್ಕ್‌ಗೆ ಬರೆಯುವಾಗಲೂ ಇದೇ ಕಥೆ: ನೆಟ್‌ವರ್ಕ್‌ನಿಂದ ಓದಿ ಮುಗಿದದ್ದು ಬೇರೆ, ಬರೆದು ಮುಗಿದದ್ದು ಬೇರೆ. 2018ರ ನೋಡ್ 10ರಲ್ಲಿ ಬಂದ ಪೈಪ್‌ಲೈನ್ ಎಂಬ ಫಂಕ್ಷನ್ ಎರಡೂ ಕಡೆ ನೋಡಿಕೊಳ್ಳುತ್ತದೆ, ನಡುವೆ ಕೆಟ್ಟರೆ ಎರರ್ ಕೊಡುತ್ತದೆ.

ಇನ್ನೊಬ್ಬರ ಪ್ರೋಗ್ರಾಂ ಡೌನ್‌ಲೋಡ್ ಮಾಡುತ್ತಿದ್ದರೆ ಹೆಸರು ನೋಡಿ. ಕ್ರೋಮ್ ಡೌನ್‌ಲೋಡ್ ನಡೆಯುತ್ತಿರುವಾಗ ಹೆಸರಿನ ಕೊನೆಗೆ ಸಿಆರ್‌ಡೌನ್‌ಲೋಡ್ ಎಂದು, ಫೈರ್‌ಫಾಕ್ಸ್ ಪಾರ್ಟ್ ಎಂದು ಇಟ್ಟುಕೊಂಡಿರುತ್ತದೆ. ಮುಗಿದ ಮೇಲೆ ನಿಜವಾದ ಹೆಸರು. ಬ್ರೌಸರನ್ನು ಕೋಡ್‌ನಿಂದಲೇ ಓಡಿಸುವ ಸೆಲೆನಿಯಂ ಬಳಸುವ ಟೆಸ್ಟರ್‌ಗಳು ಈ ಹೆಸರು ಹೋಯಿತಾ ಎಂದು ಫೋಲ್ಡರನ್ನು ಮತ್ತೆ ಮತ್ತೆ ನೋಡುತ್ತಾರೆ, ಇಷ್ಟು ಹೊತ್ತಾದರೆ ಬಿಟ್ಟುಬಿಡು ಎಂದು ಮಿತಿಯನ್ನೂ ಹಾಕಿರುತ್ತಾರೆ. ನಾವು ಬರೆಯುವ ಡೌನ್‌ಲೋಡರ್‌ನಲ್ಲೂ ಇದನ್ನೇ ಮಾಡಬಹುದು. ತಾತ್ಕಾಲಿಕ ಹೆಸರಿನಲ್ಲಿ ಬರೆದು, ಗಾತ್ರ ಸರಿಯಿದೆಯಾ ನೋಡಿ, ಆಮೇಲೆ ಹೆಸರು ಬದಲಿಸುವುದು. ಲಿನಕ್ಸ್‌ನಲ್ಲಿ ಒಂದೇ ಫೈಲ್‌ಸಿಸ್ಟಂ ಒಳಗೆ ಹೆಸರು ಬದಲಾಗುವುದು ಒಂದೇ ಏಟಿಗೆ. ಆ ಹೆಸರಿನಲ್ಲಿ ಫೈಲ್ ಹುಡುಕುವ ಬೇರೆ ಪ್ರೋಗ್ರಾಂಗೆ ಅರ್ಧ ಬಂದ ಫೈಲ್ ಕಣ್ಣಿಗೇ ಬೀಳುವುದಿಲ್ಲ.